ಅಚ್ಚಿನಲ್ಲಿ ನಿಮ್ಮ ಹೆಸರು

ದೋಹಾದ ಬಿನ್ ಒಮ್ರಾನ್‌ನಿಂದ ನಿಮ್ಮ ಕನ್ನಡ ಕ್ಲಾಸಿನ ಆಂಟಿ ಮಾತಾಡುತ್ತಿದ್ದೇನೆ. ರಾಜ್ಯೋತ್ಸವ ಹತ್ತಿರ ಬಂತೆಂದರೆ ಸಂಘದ ಸ್ಮರಣ ಸಂಚಿಕೆಗೆ ಲೇಖನ ಕೇಳುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಆಗ ನಿಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆ ಒಂದೇ: "ಆಂಟಿ, ನಾನು ದಿನಾ ಫೋನಿನಲ್ಲಿ ಎಷ್ಟೊಂದು ಬರೀತೀನಿ. ಬುಕ್ಕಲ್ಲಿ ಪ್ರಿಂಟ್ ಆದರೆ ಏನು ವ್ಯತ್ಯಾಸ?" ನ್ಯಾಯವಾದ ಪ್ರಶ್ನೆ. ಇವತ್ತು ಅದಕ್ಕೆ ಸಮಾಧಾನವಾಗಿ ಉತ್ತರ ಹೇಳುತ್ತೇನೆ.

ಮೊದಲ ವ್ಯತ್ಯಾಸ, ನಡುವೆ ಇರುವ ಕೈಗಳು. ಫೋನಿನಲ್ಲಿ ನೀವು ಬರೆದದ್ದು ನಿಮ್ಮ ಬೆರಳಿನಿಂದ ನೇರವಾಗಿ ಗೆಳೆಯನ ಕಣ್ಣಿಗೆ ಹೋಗುತ್ತದೆ. ಅಚ್ಚಾಗುವ ಬರಹವನ್ನು ಮೊದಲು ಒಬ್ಬರು ಆರಿಸುತ್ತಾರೆ, ಇನ್ನೊಬ್ಬರು ತಿದ್ದುತ್ತಾರೆ, ಮತ್ತೊಬ್ಬರು ಪುಟ ಕಟ್ಟುತ್ತಾರೆ, ಮಗದೊಬ್ಬರು ಕರಡು ನೋಡುತ್ತಾರೆ. ನಿಮ್ಮ ಪರಿಚಯವೇ ಇಲ್ಲದ ನಾಲ್ಕು ಜನ ನಿಮ್ಮ ವಾಕ್ಯಗಳ ಮೇಲೆ ತಮ್ಮ ಸಮಯ ಖರ್ಚು ಮಾಡಿರುತ್ತಾರೆ. ಅಚ್ಚಿನ ಬರಹಕ್ಕೆ ಬೆಲೆ ಬರುವುದು ಮುಖ್ಯವಾಗಿ ಇದರಿಂದ, ಕಾಗದದ ಹೊಳಪಿನಿಂದಲ್ಲ.

ಹಿಂದೆ ಈ ಶ್ರಮ ಇನ್ನೂ ಹೆಚ್ಚಿತ್ತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದದ್ದು 1843ರ ಜುಲೈ 1ರಂದು. ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕರು. ಅದು ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಸೀಸದ ಮೊಳೆಗಳಿಂದಲೂ ಕನ್ನಡ ಅಚ್ಚಾಗುತ್ತಿತ್ತು. ಒಂದೊಂದು ಅಕ್ಷರಕ್ಕೆ ಒಂದೊಂದು ಮೊಳೆ, ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಇರುವುದರಿಂದ ಇಂಗ್ಲಿಷಿಗಿಂತ ಎಷ್ಟೋ ಹೆಚ್ಚು ಮೊಳೆಗಳು ಬೇಕಾಗುತ್ತಿದ್ದವು. ಮೊಳೆ ಜೋಡಿಸುವವರು ನಿಂತುಕೊಂಡು, ಗೂಡುಗೂಡಿನಿಂದ ಆರಿಸಿ ಸಾಲು ಕಟ್ಟುತ್ತಿದ್ದರು. ಹಾಗೆ ಕಟ್ಟಿದ ಪುಟದಲ್ಲಿ ಹೆಸರು ಬರುವುದೆಂದರೆ ಸಣ್ಣ ಮಾತಾಗಿರಲಿಲ್ಲ.

ಎರಡನೆಯ ವ್ಯತ್ಯಾಸ ಆ ಹೆಸರಿನದೇ. ಅಚ್ಚಾದ ಬರಹದ ಕೆಳಗೆ ನಿಮ್ಮ ಹೆಸರಿದ್ದರೆ, "ಇದು ನನ್ನ ಮಾತು, ಕೇಳಿದರೆ ಉತ್ತರ ಹೇಳುತ್ತೇನೆ" ಎಂದು ಅರ್ಥ. ಇದಕ್ಕೆ ಧೈರ್ಯ ಬೇಕು. ಎಷ್ಟು ಧೈರ್ಯ ಬೇಕೆಂದು ತಿಳಿಯಲು ನಮ್ಮದೇ ಮೂವರು ಲೇಖಕರನ್ನು ನೋಡಿ.

ಉಡುಪಿ ಜಿಲ್ಲೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಶಾಲೆಯಲ್ಲಿ ವ್ಯಾಯಾಮ ಕಲಿಸುವ ಮೇಷ್ಟ್ರು. ಅವರು 'ಅದ್ಭುತ ರಾಮಾಯಣ', 'ಶ್ರೀರಾಮ ಪಟ್ಟಾಭಿಷೇಕ', 'ರಾಮಾಶ್ವಮೇಧ' ಎಂಬ ಕೃತಿಗಳನ್ನು ಬರೆದರು. ಆದರೆ ಹಳ್ಳಿಯ ಡ್ರಿಲ್ ಮೇಷ್ಟ್ರು ಬರೆದದ್ದೆಂದರೆ ಪಂಡಿತರು ಓದುತ್ತಾರೆಯೇ? ಹಾಗಾಗಿ ಇವು ಹಳೆಯ ಕವಿಗಳ ಕೃತಿಗಳು, ತನಗೆ ಸಿಕ್ಕಿವೆ ಎಂದು ಹೇಳಿ ಮೈಸೂರಿನ ಸಾಹಿತ್ಯ ಪತ್ರಿಕೆಗೆ ಕಳಿಸಿದರು. ಅವು ಅಚ್ಚಾದವು, ಜನ ಮೆಚ್ಚಿದರು. ಆದರೆ ಹೊಗಳಿಕೆ ಯಾರೋ ಕಾಣದ ಹಳೆಯ ಕವಿಗೆ ಸಂದಿತು. 1901ರಲ್ಲಿ, ಕೇವಲ 31ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಈ ಕೃತಿಗಳು ಅವರವೇ ಎಂದು ಓದುಗರಿಗೆಲ್ಲ ಖಚಿತವಾದದ್ದು ಅದಾಗಿ ವರ್ಷಗಳ ನಂತರ. ಇಂದು ನಾವು ಅವರನ್ನು ಮುದ್ದಣ ಎಂದು ಪ್ರೀತಿಯಿಂದ ಕರೆಯುತ್ತೇವೆ. ತನ್ನ ಬರಹವನ್ನು ಅಚ್ಚಿನಲ್ಲಿ ಕಂಡೂ "ಇದು ನನ್ನದು" ಎಂದು ಹೇಳಿಕೊಳ್ಳಲಾಗದ ಆ ಮನುಷ್ಯನಿಗೆ ಏನನ್ನಿಸಿರಬಹುದು, ಸ್ವಲ್ಪ ಯೋಚಿಸಿ.

ಎರಡನೆಯವರು ನಂಜನಗೂಡು ತಿರುಮಲಾಂಬ. 1887ರಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲೇ ಮದುವೆಯಾಯಿತು. ನಿಮ್ಮಲ್ಲಿ ಕೆಲವರು ಎಂಟೋ ಒಂಬತ್ತೋ ಕ್ಲಾಸಿನಲ್ಲಿರುವ ವಯಸ್ಸಿಗೆ ವಿಧವೆಯಾದರು. ಆ ಕಾಲದಲ್ಲಿ ಅಂಥ ಹುಡುಗಿ ನಾಲ್ಕು ಜನರ ಎದುರು ಬರುವುದೇ ಕಷ್ಟ. ಅವರು ಮನೆಯಲ್ಲೇ ಓದಿದರು, ಬರೆದರು. ಬರೆದದ್ದನ್ನು ಯಾರಾದರೂ ಅಚ್ಚು ಹಾಕಿಸಲಿ ಎಂದು ಕಾಯುತ್ತ ಕೂರದೆ, 1913ರಲ್ಲಿ 'ಸತಿಹಿತೈಷಿಣಿ' ಗ್ರಂಥಮಾಲೆಯನ್ನು ತಾವೇ ಶುರು ಮಾಡಿದರು. ಮುಂದೆ 'ಕರ್ನಾಟಕ ನಂದಿನಿ' ಪತ್ರಿಕೆಯನ್ನೂ ನಡೆಸಿದರು. ಮನೆಯ ಹೊಸಿಲು ದಾಟುವುದು ಕಷ್ಟವಾಗಿದ್ದ ಹೆಣ್ಣಿನ ಹೆಸರು ಪುಸ್ತಕದ ಮೇಲೆ ಕೂತು ಊರೂರಿಗೆ ಹೋಯಿತು.

ಮೂರನೆಯವರು ನಿಮಗೆ ಬಹಳ ಹತ್ತಿರದವರು, ಏಕೆಂದರೆ ಅವರೂ ಮೊದಲು ಇಂಗ್ಲಿಷಿನಲ್ಲೇ ಬರೆದರು. 1922ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಕುವೆಂಪು ಅವರ ಮೊದಲ ಪುಸ್ತಕ 'ಬಿಗಿನರ್ಸ್ ಮ್ಯೂಸ್' ಅಚ್ಚಾಯಿತು. ಅದು ಇಂಗ್ಲಿಷ್ ಕವನಗಳ ಸಂಕಲನ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಈ ಹುಡುಗ ತನ್ನ ಇಂಗ್ಲಿಷ್ ಕವನಗಳನ್ನು ತೋರಿಸಿದ. ಕಸಿನ್ಸ್ ಕೊಟ್ಟ ಸಲಹೆ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು. ಮೊದಲಿಗೆ ಬೇಸರವಾದರೂ ಆ ಮಾತು ನಾಟಿತು. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದದ್ದು ಅದೇ ಹುಡುಗ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ: ಬರಹ ತೋರಿಸಿದ್ದರಿಂದಲೇ ಆ ಸಲಹೆ ಸಿಕ್ಕಿತು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದರೆ ಯಾರು ಏನು ಹೇಳುತ್ತಿದ್ದರು?

ಈಗ ನಿಮ್ಮ ಲೇಖನಕ್ಕೆ ಬರೋಣ. ನೀವು ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುತ್ತೀರಿ. ಕ್ಲಾಸಿನಲ್ಲಿ ನಾನು ಮತ್ತೆ ಮತ್ತೆ ಕಾಣುವ ಒಂದು ಸಾಲು: "ರಜೆಯಲ್ಲಿ ಅಜ್ಜಿಯ ಹಲ್ಲಿಗೆ ಹೋದೆವು." ಹಳ್ಳಿ ಇದ್ದದ್ದು ಹಲ್ಲಿಯಾಗಿ ಗೋಡೆ ಹತ್ತಿ ಕೂತಿರುತ್ತದೆ! ಕಿವಿಯಿಂದ ಮಾತ್ರ ಕನ್ನಡ ಕಲಿತವರಿಗೆ ಲ-ಳ, ನ-ಣ, ಅ-ಹ ಇವುಗಳ ವ್ಯತ್ಯಾಸ ಜಾರುವುದು ಸಹಜ. ಅದಕ್ಕೆ ನಾಚಬೇಡಿ. ತಿದ್ದುವವರು ಇರುವುದೇ ಅದಕ್ಕೆ. ಆದರೆ ತಿದ್ದಿದ ಪ್ರತಿಯನ್ನು ಕೇಳಿ ಪಡೆದು, ನಿಮ್ಮದರ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿ. ಹತ್ತು ತರಗತಿಯಲ್ಲಿ ಕಲಿಯದ್ದನ್ನು ಒಂದು ಕರಡು ಕಲಿಸುತ್ತದೆ.

ಇನ್ನೊಂದು ತಾಂತ್ರಿಕ ಎಚ್ಚರಿಕೆ. ಫೋನಿನ ಕನ್ನಡ ಯೂನಿಕೋಡಿನಲ್ಲಿರುತ್ತದೆ. ಪುಟ ಕಟ್ಟುವವರು ಕೆಲವೊಮ್ಮೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳನ್ನು ಬಳಸುತ್ತಾರೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಜಾಗ ತಪ್ಪುವುದುಂಟು. ಆದ್ದರಿಂದ ಕೊನೆಯ ಪುಟದ ಪಿಡಿಎಫ್ ನೋಡದೆ ಒಪ್ಪಿಗೆ ಕೊಡಬೇಡಿ. ಮುಖ್ಯವಾಗಿ ನಿಮ್ಮ ಹೆಸರನ್ನು ನೋಡಿ. ಎಲ್ಲರೂ ತಪ್ಪು ಹುಡುಕುವಾಗ ಬಿಟ್ಟುಹೋಗುವ ಜಾಗ ಅದೇ.

ಮೂರನೆಯ ವ್ಯತ್ಯಾಸ, ಅಚ್ಚಾದ ಮೇಲೆ ಬರಹ ನಿಮ್ಮ ಕೈಯಲ್ಲಿರುವುದಿಲ್ಲ. ಅಳಿಸಲಾಗದು, ಹಿಂದಕ್ಕೆ ಪಡೆಯಲಾಗದು. ನನ್ನ ಮೊದಲ ಲೇಖನ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬಂದಿತ್ತು, ನಮ್ಮ ಮನೆಯ ಬಾವಿ ಬೇಸಿಗೆಯಲ್ಲಿ ಬತ್ತಿದ್ದರ ಬಗ್ಗೆ. ಅಮ್ಮ ಎರಡು ಸಲ ಓದಿ, "ನಮ್ಮ ಬಾವಿ ವಿಷಯ ಈಗ ಪೇಟೆಗೆಲ್ಲ ಗೊತ್ತಾಯಿತಲ್ಲೇ" ಎಂದು ನಕ್ಕರು. ಆಮೇಲೆ ಅದನ್ನು ಪಕ್ಕದ ಮನೆಯವರಿಗೆ ತಾವೇ ಓದಿ ಹೇಳಿದರು. ಬಾವಿ ಆಗ ನಮ್ಮದಷ್ಟೇ ಆಗಿ ಉಳಿಯಲಿಲ್ಲ. ಆ ಬೇಸಿಗೆಯಲ್ಲಿ ನೀರಿಗೆ ಒದ್ದಾಡಿದವರೆಲ್ಲರದ್ದೂ ಆಯಿತು. ಆದ್ದರಿಂದ ಮನೆಯವರ ಬಗ್ಗೆ ಬರೆಯುವಾಗ ಅಚ್ಚಿಗೆ ಕೊಡುವ ಮೊದಲೇ ಅವರಿಗೆ ಓದಿ ಹೇಳಿ. ಅವರಿಗೆ ನೋವಾಗುವ ಸಾಲಿದ್ದರೆ ಆಗಲೇ ತಿಳಿಯುತ್ತದೆ.

ಕೊನೆಯದಾಗಿ, ನೀವೇ ಯಾಕೆ ಬರೆಯಬೇಕು? ಕೊಲ್ಲಿ ದೇಶದ ಕನ್ನಡಿಗರ ಬರಹಗಳಲ್ಲಿ ನಮ್ಮ ತಲೆಮಾರಿನ ಊರ ನೆನಪು ಬೇಕಾದಷ್ಟಿದೆ. ಮಳೆ, ಜಾತ್ರೆ, ಅಜ್ಜಿಮನೆ, ಎಲ್ಲವೂ ಇದೆ. ಆದರೆ ನಿಮ್ಮ ಬಾಲ್ಯ ಕಳೆದದ್ದು ಹಮದ್ ಆಸ್ಪತ್ರೆಯ ಹತ್ತಿರದ ಈ ಬೀದಿಗಳಲ್ಲಿ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಅರಬ್ಬಿ, ಮನೆಯಲ್ಲಿ ಕನ್ನಡ. ಇದು ಹೇಗಿರುತ್ತದೆಂದು ನನಗೆ ಬರೆಯಲು ಬಾರದು, ನಾನದನ್ನು ಬದುಕಿಲ್ಲ. ನಮ್ಮ ಬಡಾವಣೆಯ ಫಲಕದಲ್ಲಿ ಹೆಸರಿನ ಮುಂದೆ 'ಫರೀಜ್' ಎಂದಿರುತ್ತದೆ. ಫರೀಜ್ ಎಂದರೆ ಕೇರಿ. ಕನ್ನಡದಲ್ಲಿ ಹೇಗೆ ಬರೆಯುತ್ತೀರಿ, ಬಿನ್ ಒಮ್ರಾನ್ ಎಂದೋ ಬಿನ್ ಉಮ್ರಾನ್ ಎಂದೋ? ಆ ಅರಬ್ಬಿ ಹೆಸರಿನ ಮೊದಲ ಧ್ವನಿಗೆ ನಮ್ಮಲ್ಲಿ ಅಕ್ಷರವೇ ಇಲ್ಲ. ಬರೆದು ಬರೆದೇ ಅದಕ್ಕೊಂದು ಕನ್ನಡ ರೂಪ ನೆಲೆಯಾಗಬೇಕು. ಆ ಕೆಲಸ ನಿಮ್ಮದು. ನೀವು ಬರೆಯದಿದ್ದರೆ, ನೀವು ಬೆಳೆದ ಕೇರಿ ಕನ್ನಡದ ಮಟ್ಟಿಗೆ ಇರಲೇ ಇಲ್ಲ ಎಂದಾದೀತು.

ಒಂದು ಪುಟ ಸಾಕು. ನಿಮ್ಮ ಕಟ್ಟಡದ ಲಿಫ್ಟು, ಕೆಳಗಿನ ಬಕಾಲಾ, ಶುಕ್ರವಾರದ ಬೆಳಗಿನ ಮೌನ, ಯಾವುದಾದರೂ ಸರಿ. ಗೊತ್ತಿರುವ ಕನ್ನಡದಲ್ಲೇ ಬರೆಯಿರಿ. ಸಿಗದ ಪದವನ್ನು ಅಮ್ಮನನ್ನೋ ಅಪ್ಪನನ್ನೋ ಕೇಳಿ. ಬರೆದ ಮೇಲೆ ಗಟ್ಟಿಯಾಗಿ ಒಮ್ಮೆ ಓದಿ, ಎರಡು ದಿನ ಬಿಟ್ಟು ಇನ್ನೊಮ್ಮೆ ಓದಿ. ಕೆಳಗೆ ನಿಮ್ಮ ಪೂರ್ತಿ ಹೆಸರು ಬರೆದು ಕಳಿಸಿ. ಮುದ್ದಣನಿಗೆ ಇಲ್ಲದ ಅನುಕೂಲ ನಿಮಗಿದೆ: ನಿಮ್ಮ ಹೆಸರು ನೋಡಿಯೇ ಓದಲು ಕಾದಿರುವ ಜನ ಇಲ್ಲಿದ್ದೇವೆ.

ಮುಂದಿನ ಮಾತಿನಲ್ಲಿ ಸಿಗೋಣ.