ತೊಂಬತ್ತರ ಲೆಕ್ಕ

ಕುಡಿಯುವ ಅಭ್ಯಾಸವುಂಟೆ ಎಂದು ವೈದ್ಯರು ಕೇಳಿದಾಗ ನಮ್ಮ ಗಂಡಸರು ಕೊಡುವ ಉತ್ತರ ಬಹುಮಟ್ಟಿಗೆ ಒಂದೇ: "ಏನೋ ಸ್ವಲ್ಪ, ಯಾವಾಗಲಾದರೊಮ್ಮೆ." ಈ 'ಸ್ವಲ್ಪ'ದ ಅರ್ಥವನ್ನು ಯಾವ ನಿಘಂಟೂ ಹೇಳಲಾರದು, ಹಿಂದೆ ನಿಂತ ಹೆಂಡತಿಯ ಮುಖಭಾವದಿಂದ ಅದನ್ನು ಊಹಿಸಿಕೊಳ್ಳಬೇಕು. ಸಂತೆಯಲ್ಲಿ ಕಾಲು ಕಿಲೋ ಹುರುಳಿಕಾಯಿ ಕೊಳ್ಳುವಾಗ ತಕ್ಕಡಿಯ ಮುಳ್ಳನ್ನು ಎವೆಯಿಕ್ಕದೆ ನೋಡುವ, ಸಾಲದ ಬಡ್ಡಿಯನ್ನು ಪೈಸೆಗೆ ಪೈಸೆ ಕೂಡಿ ಹೇಳಬಲ್ಲ ಗೃಹಸ್ಥನು, ಸಂಜೆಗೊಮ್ಮೆ ತನ್ನ ಒಡಲಿಗಿಳಿಯುವ ಪದಾರ್ಥದ ತೂಕವನ್ನು ಮಾತ್ರ ಎಂದೂ ವಿಚಾರಿಸಿದವನಲ್ಲ.

ಆ ಲೆಕ್ಕವೇನೂ ಕಠಿಣವಾದುದಲ್ಲ. ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ರಮ್ಮು, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಪಾಲು ಮದ್ಯಸಾರವಿರುತ್ತದೆ. ಅಂದರೆ 30 ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ. ಜನ ಪ್ರೀತಿಯಿಂದ 'ನೈಂಟಿ' ಎಂದು ಕರೆಯುವ ತೊಂಬತ್ತರಲ್ಲಿ 30 ಗ್ರಾಂ, ಕ್ವಾರ್ಟರಿನಲ್ಲಿ 60. "ನಾನು ಎಣ್ಣೆ ಮುಟ್ಟುವುದಿಲ್ಲ, ಬರೀ ಬಿಯರು" ಎಂದು ಎದೆಯುಬ್ಬಿಸುವವನ ಕೈಯಲ್ಲಿರುವ 650 ಮಿಲಿಲೀಟರಿನ ಸ್ಟ್ರಾಂಗ್ ಬಾಟಲಿಯಲ್ಲಿ, ಅದು ನೂರಕ್ಕೆ ಎಂಟರ ಬಿಯರಾದರೆ, 40 ಗ್ರಾಂ ಇರುತ್ತದೆ. ನೈಂಟಿಯವನಿಗಿಂತ ಅವನೇ ಒಂದು ಹೆಜ್ಜೆ ಮುಂದು! ಇನ್ನು ಇದನ್ನೆಲ್ಲ ದಹಿಸಬೇಕಾದ ಯಕೃತ್ತು, ಗಂಟೆಗೆ ಏಳೆಂಟು ಗ್ರಾಮಿಗಿಂತ ಹೆಚ್ಚು ಕೆಲಸ ಮಾಡುವ ಜಾಯಮಾನದ್ದಲ್ಲ. ರಾತ್ರಿ ಒಂಬತ್ತಕ್ಕೆ ಮುಗಿಸಿದ ಕ್ವಾರ್ಟರು ಬೆಳಗಿನ ಜಾವದವರೆಗೂ ರಕ್ತದಲ್ಲಿ ಸಂಚರಿಸುತ್ತಲೇ ಇರುತ್ತದೆ. ನಿಂಬೆರಸ, ಗಟ್ಟಿ ಕಾಫಿ, ತಣ್ಣೀರಿನ ಸ್ನಾನ ಯಾವುದೂ ಆ ವೇಗವನ್ನು ಹೆಚ್ಚಿಸಲಾರದು.

ಮದ್ಯಸಾರವು ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ತರುವಾಯ ನಿರಪಾಯಕರವಾದ ಅಸಿಟೇಟಾಗಿ ಮಾರ್ಪಡುತ್ತದೆ. ಈ ದಹನಕಾರ್ಯವು ನಡೆಯುವಷ್ಟು ಹೊತ್ತೂ ಕೊಬ್ಬನ್ನು ಕರಗಿಸುವ ಕೆಲಸವು ಹಿಂದೆಬೀಳುವುದರಿಂದ, ಕೊಬ್ಬು ಯಕೃತ್ತಿನಲ್ಲಿಯೇ ಶೇಖರವಾಗುತ್ತದೆ. ಒಂದೊಂದು ಗ್ರಾಂ ಮದ್ಯಸಾರವೂ ಏಳು ಕ್ಯಾಲೊರಿಯಷ್ಟು ಶಕ್ತಿಯನ್ನು ಕೊಡುವುದೆಂದಮೇಲೆ, ಜೊತೆಯ ಕರಿದ ಕಡಲೆಬೀಜವನ್ನು ಬಿಟ್ಟು ಹೇಳಿದರೂ, ನಡುವಯಸ್ಸಿನ ಹೊಟ್ಟೆಯ ರಹಸ್ಯವು ಅರ್ಧ ಬಯಲಾದಂತೆ. ಕೊಬ್ಬು ತುಂಬಿದ ಯಕೃತ್ತಿಗೆ ನೋವಿಲ್ಲ, ದೂರಿಲ್ಲ. ಈ ಘಟ್ಟದಲ್ಲಿ ಕುಡಿತ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಅದು ಬಹುಪಾಲು ಸುಸ್ಥಿತಿಗೆ ಮರಳುವುದುಂಟು. ನಿಲ್ಲಿಸದಿದ್ದರೆ ಕೆಲವರಲ್ಲಿ ಉರಿಯೂತ, ಆಮೇಲೆ ಗಾಯದ ನಾರುಕಟ್ಟಿ ಯಕೃತ್ತು ಕಲ್ಲಾಗುವ ಸಿರೋಸಿಸ್. ಕಾಮಾಲೆ ತೋರಿ, ಹೊಟ್ಟೆಯಲ್ಲಿ ನೀರು ತುಂಬುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ರಕ್ತದ ಒತ್ತಡ ಏರುವುದು, ಪುರುಷತ್ವದ ಹಾರ್ಮೋನು ಇಳಿಯುವುದು ಇವು ಬೇರೆ. ನಿದ್ರೆಗೆಂದು ಕುಡಿಯುವವನ ನಿದ್ರೆಯಂತೂ ಬೇಗ ಬಂದು ನಡುರಾತ್ರಿ ಮುರಿಯುತ್ತದೆ.

2019ರಲ್ಲಿ ಪ್ರಕಟವಾದ ದೆಹಲಿಯ ಏಮ್ಸ್ ಸಂಸ್ಥೆಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗಂಡಸರಲ್ಲಿ ನೂರಕ್ಕೆ 27 ಮಂದಿ ಕುಡಿಯುವವರು; ಹೆಂಗಸರಲ್ಲಿ ಇಬ್ಬರಿಗೂ ಕಡಿಮೆ. ಮುಕ್ಕಾಲು ಪಾಲು ಗಂಡಸರು ಕುಡಿಯದವರೆಂಬುದು ಸಮಾಧಾನದ ಸಂಗತಿಯಾದರೂ, ಕುಡಿಯುವ ಮೂವರಲ್ಲಿ ಒಬ್ಬನಿಗಿಂತ ಹೆಚ್ಚು ಮಂದಿಯ ಕುಡಿತ ಹಾನಿಯ ಎಲ್ಲೆಯನ್ನು ಮುಟ್ಟಿದೆ. ಇದಕ್ಕೆ ನಮ್ಮ ಕುಡಿತದ ರೀತಿಯೂ ಕಾರಣವೆಂದು ನನ್ನ ಎಣಿಕೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮದಾತ್ಯಯವೆಂಬ ಅಧ್ಯಾಯವೇ ಇದ್ದು, ಋತು, ಪ್ರಕೃತಿ, ಆಹಾರಗಳನ್ನು ನೋಡಿ ನಡೆದುಕೊಳ್ಳಬೇಕಾದ ವಿಧಿಯು ಅಲ್ಲಿ ಉಕ್ತವಾಗಿದೆ. ಇಂದಿನ ಗಂಡಸಾದರೋ ಬಟವಾಡೆಯ ಸಂಜೆ ಖಾಲಿ ಹೊಟ್ಟೆಯಲ್ಲಿ, ಅಂಗಡಿಯ ಗೋಡೆಗೊರಗಿ ನಿಂತು, ನೆಂಟರ ಕಣ್ಣಿಗೆ ಬೀಳುವ ಮುನ್ನ ಎರಡು ಗುಟುಕಿಗೆ ಮುಗಿಸಿ ನಡೆಯುತ್ತಾನೆ. ನಾಚಿಕೆಯು ಕುಡಿತವನ್ನು ತಡೆಯದೆ, ಅದರ ವೇಗವನ್ನು ಮಾತ್ರ ಹೆಚ್ಚಿಸಿತು. ಕರ್ನಾಟಕದಲ್ಲಿ 2007ರ ಜುಲೈಯಿಂದ ಸಾರಾಯಿ ನಿಷೇಧವಾದಾಗ ಪ್ಯಾಕೆಟ್ಟುಗಳು ಮಾಯವಾದವು. ಆ ಸ್ಥಳದಲ್ಲಿ ಅಗ್ಗದ ವಿಸ್ಕಿಯು ಬಂದು ಕುಳಿತಿತು.

'ಮಿತವಾಗಿ ಕುಡಿದರೆ ಹೃದಯಕ್ಕೆ ಒಳ್ಳೆಯದಂತೆ' ಎಂಬ ಮಾತಿನ ಹಿಂದೆ ಒಂದು ಸ್ವಾರಸ್ಯವಿದೆ. ಹಿಂದಿನ ಅನೇಕ ಅಧ್ಯಯನಗಳು ಕುಡಿಯದವರ ಸಾಲಿನಲ್ಲಿ, ಕಾಯಿಲೆ ಬಿದ್ದು ಕುಡಿತ ಬಿಟ್ಟವರನ್ನೂ ಕೂರಿಸಿದ್ದವು. ಆ ಸಾಲು ರೋಗಗ್ರಸ್ತವಾಗಿ ತೋರಿದುದರಲ್ಲಿ ಆಶ್ಚರ್ಯವೇನು? ಮದ್ಯವು ಕ್ಯಾನ್ಸರ್‌ಕಾರಕವೆಂಬುದು 1988ರಲ್ಲಿಯೇ ನಿರ್ಣಯವಾಗಿತ್ತು. ಅಪಾಯವಿಲ್ಲದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾರಿತು.

ಆದೊಡೆ ಬಿಡುವುದಕ್ಕೂ ಒಂದು ಲೆಕ್ಕವುಂಟು, ಅದನ್ನು ಮನೆಯವರು ಅರಿತಿರಬೇಕು. ವರ್ಷಾನುಗಟ್ಟಲೆ ದಿನವೂ ಹೆಚ್ಚಾಗಿ ಕುಡಿದವನು ದೇವರ ಮೇಲೆ ಆಣೆಯಿಟ್ಟು ಒಮ್ಮೆಗೇ ನಿಲ್ಲಿಸಿದರೆ, ಮೊದಲ ದಿನವೇ ಕೈನಡುಕ, ಬೆವರು, ಕೆಲವರಿಗೆ ಸೆಳವು. ಎರಡು ಮೂರನೆಯ ದಿನಕ್ಕೆ, ಗೋಡೆಯ ಮೇಲೆ ಹುಳು ಹರಿಯುತ್ತಿವೆಯೆಂದು ಬಡಬಡಿಸುವ ಸನ್ನಿಯೂ ಬರಬಹುದು. ಗಾಳಿ ಸೋಂಕಿತೆಂದು ತಾಯಿತ ಕಟ್ಟಿಸುವವರುಂಟು. 'ಅಭ್ಯಾಸದ ದೇಹ, ಒಂದಿಷ್ಟು ಕೊಟ್ಟುಬಿಡಿ' ಎಂದು ಮತ್ತೆ ಲೋಟವನ್ನು ಕೈಗಿಡುವ ಹಿರಿಯರೂ ಉಂಟು. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಎರವಾಗಬಲ್ಲ ಈ ಸ್ಥಿತಿಯನ್ನು, ಔಷಧಿಯೊಡನೆ ಥಯಮಿನ್ ಜೀವಸತ್ವವನ್ನೂ ಕೊಟ್ಟು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ವಾರದೊಳಗೆ ದಾಟಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಅಲ್ಲಿಯೂ ವೈದ್ಯರು ಕೇಳುವ ಮೊದಮೊದಲ ಪ್ರಶ್ನೆಗಳಲ್ಲಿ ಒಂದು, ದಿನಕ್ಕೆ ಎಷ್ಟು ಎಂಬುದು.