ಬಿಸಿಲ್ಗುದುರೆ ಓದುವ ಗುರಿಕಾರರು

1860ರ ಜುಲೈ 2ರಂದು ಲಂಡನ್ನಿನ ವಿಂಬಲ್ಡನ್ ಬಯಲಿನಲ್ಲಿ ವಿಕ್ಟೋರಿಯಾ ರಾಣಿ ಒಂದು ರೇಷ್ಮೆ ದಾರವನ್ನು ಎಳೆದಳು. ದಾರದ ಇನ್ನೊಂದು ತುದಿಯನ್ನು ಚೌಕಟ್ಟಿನಲ್ಲಿ ಬಿಗಿದಿಟ್ಟಿದ್ದ ವಿಟ್‌ವರ್ತ್ ರೈಫಲ್ಲಿನ ಕುದುರೆಗೆ (ಟ್ರಿಗರ್) ಕಟ್ಟಿದ್ದರು. 400 ಗಜ ದೂರದ ಗುರಿಹಲಗೆಯ ನಡುಬಿಂದುವಿನಿಂದ ಒಂದೂಕಾಲು ಇಂಚು ಆಚೆಗೆ ಗುಂಡು ತಗುಲಿತು. ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಕೂಟ ಶುರುವಾದದ್ದು ಹೀಗೆ. ಅಲುಗಾಡದಂತೆ ಹಿಡಿದಿಟ್ಟರೆ ಈ ಯಂತ್ರ ಆಗಲೇ ಅಷ್ಟು ನಿಖರವಾಗಿತ್ತು. ಅಲ್ಲಿಂದೀಚೆಗೆ ಗುರಿಕಾರರು ಸೆಣಸುತ್ತ ಬಂದಿರುವುದು ಬಹುಪಾಲು ಗಾಳಿಯ ಜೊತೆಗೆ. ಸುಡುಬಿಸಿಲಿನ ದಿನ ಆ ಸೆಣಸಾಟ ಇನ್ನೂ ಕಠಿಣ.

1890ರಲ್ಲಿ ಈ ಕೂಟ ಸರ್ರೆಯ ಬಿಸ್ಲಿಗೆ ಹೋಯಿತು. ಇಂದಿಗೂ ಅದು ಜುಲೈಯಲ್ಲೇ ನಡೆಯುತ್ತದೆ. 2022ರ ಜುಲೈಯಲ್ಲಿ ಇಂಗ್ಲೆಂಡ್ ಮೊದಲ ಬಾರಿಗೆ 40 ಡಿಗ್ರಿ ಸೆಲ್ಷಿಯಸ್ ದಾಟಿತ್ತೆಂಬುದನ್ನು ನೆನೆದರೆ ಅಲ್ಲಿನ ಬಿಸಿಲನ್ನೂ ಹಗುರವಾಗಿ ಕಾಣುವಂತಿಲ್ಲ. ಬಿಸ್ಲಿಯ ಸ್ಟಿಕಲ್‌ಡೌನ್ ರೇಂಜಿನಲ್ಲಿ ಟಾರ್ಗೆಟ್ ರೈಫಲ್ ಸ್ಪರ್ಧೆಯ ಗುರಿ 1000 ಗಜ ದೂರದವರೆಗೂ ಇರುತ್ತದೆ, ಅಂದರೆ 914 ಮೀಟರ್. ಈ ರೈಫಲ್ಲಿಗೆ ದೂರದರ್ಶಕ ಇರುವುದಿಲ್ಲ. ಕಣ್ಣಿನ ಮುಂದಿನ ಗುರಿಕಂಡಿಯ ಸಣ್ಣ ತೂತಿನ ಮೂಲಕವೇ ಗುರಿ ಹಿಡಿಯಬೇಕು. ಸುಮಾರು 10 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಹೊರಟು, ಒಂದೂವರೆ ಸೆಕೆಂಡಿನಷ್ಟು ಹೊತ್ತು ಗಾಳಿಯಲ್ಲಿರುತ್ತದೆ. ಅಷ್ಟರಲ್ಲಿ ಗುರುತ್ವ ಅದನ್ನು ಹತ್ತು ಮೀಟರಿನ ಆಸುಪಾಸು ಕೆಳಕ್ಕೆಳೆದಿರುತ್ತದೆ. ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ ಬೀಸಿದರೆ ಎರಡು ಮೀಟರಿಗೂ ಹೆಚ್ಚು ಪಕ್ಕಕ್ಕೆ ತಳ್ಳುತ್ತದೆ. ತಾಗಬೇಕಾದ ನಡುವೃತ್ತ, ಅಂದರೆ ‘ಬುಲ್’, ಮಾತ್ರ ಎರಡಡಿ ಅಗಲದ್ದು.

ಬಿಸಿಲು ಮೊದಲು ಕೈಹಾಕುವುದು ತೋಟಾದೊಳಗಿನ ಮದ್ದಿಗೆ. ಬೆಚ್ಚಗಿರುವ ಮದ್ದು ಬೇಗ ಉರಿಯುತ್ತದೆ, ಒತ್ತಡ ಏರುತ್ತದೆ, ಗುಂಡು ಹೆಚ್ಚು ವೇಗವಾಗಿ ಹೊರಡುತ್ತದೆ. ಅದಕ್ಕೇ ಅನುಭವಿಗಳು ತೋಟಾಗಳನ್ನು ನೆರಳಿನಲ್ಲಿಡುತ್ತಾರೆ. ಬಿಸ್ಲಿಯಲ್ಲಿ ಒಂದೇ ಹಲಗೆಗೆ ಇಬ್ಬರು ಮೂವರು ಸರದಿಯಂತೆ ಹೊಡೆಯುವುದುಂಟು. ತನ್ನ ಸರದಿಗೆ ಮುಂಚೆಯೇ ತೋಟಾ ತುಂಬಿ ಕಾದು ಮಲಗಿದವನ ಮದ್ದು, ಕಾದ ನಳಿಗೆಯ ಬುಡದಲ್ಲಿ ಇನ್ನಷ್ಟು ಬಿಸಿಯಾಗುತ್ತದೆ. ಆ ಗುಂಡು ಹಿಂದಿನವುಗಳಿಗಿಂತ ಮೇಲಕ್ಕೆ ಹೋದರೆ ಅಚ್ಚರಿಯಿಲ್ಲ.

ಗಾಳಿಯೂ ಬದಲಾಗಿರುತ್ತದೆ. 15 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ 1.225 ಕಿಲೋ ತೂಗುತ್ತದೆ. 35 ಡಿಗ್ರಿಯಲ್ಲಿ 1.15 ಕಿಲೋದಷ್ಟು ಮಾತ್ರ. ಹಗುರವಾದ ಗಾಳಿ ಗುಂಡನ್ನು ಅಷ್ಟಾಗಿ ತಡೆಯುವುದಿಲ್ಲ. ತಂಪು ಬೆಳಗಿನಲ್ಲಿ ಹೊಂದಿಸಿದ ಗುರಿಕಂಡಿಯನ್ನು ಮಧ್ಯಾಹ್ನವೂ ಹಾಗೇ ಬಿಟ್ಟರೆ, 1000 ಗಜದಲ್ಲಿ ಗುಂಡು ಒಂದಡಿಗೂ ಹೆಚ್ಚು ಮೇಲೆ ಬೀಳಬಹುದು. ಇದು ಲೆಕ್ಕಕ್ಕೆ ಸಿಗುವ ತೊಂದರೆ. ಗುರಿಕಂಡಿಯನ್ನು ನಾಲ್ಕೋ ಎಂಟೋ ಕ್ಲಿಕ್ ಇಳಿಸಿದರೆ ಸರಿಹೋಗುತ್ತದೆ.

ಲೆಕ್ಕಕ್ಕೆ ಸುಲಭವಾಗಿ ಸಿಗದಿರುವುದು ಬಿಸಿಲ್ಗುದುರೆ. ಕಾದ ನೆಲದಿಂದ ಬಿಸಿಗಾಳಿ ಎಳೆಎಳೆಯಾಗಿ ಮೇಲೇಳುತ್ತದೆ. ಬಿಸಿಯ ಎಳೆಗೂ ಪಕ್ಕದ ತಂಪಿನ ಎಳೆಗೂ ಬೆಳಕನ್ನು ಬಾಗಿಸುವ ಶಕ್ತಿ ಬೇರೆಬೇರೆ. ಗುರಿಯಿಂದ ಹೊರಟ ಬೆಳಕು ಅವುಗಳನ್ನು ದಾಟುತ್ತ ಅತ್ತಿತ್ತ ಬಾಗಿ ಬರುತ್ತದೆ. ಕಪ್ಪು ವೃತ್ತದ ಅಂಚು ನಡುಗುತ್ತದೆ, ವೃತ್ತ ಮೊಟ್ಟೆಯಾಕಾರ ತಾಳುತ್ತದೆ, ಇದ್ದ ಜಾಗದಿಂದ ಸರಿದಂತೆ ಕಾಣುತ್ತದೆ. ಸರಿದದ್ದು ಬಿಂಬ ಮಾತ್ರ, ಹಲಗೆಯಲ್ಲ.

ಆದರೆ ಈ ನಡುಕವೇ ಗಾಳಿಯ ಸುಳಿವನ್ನೂ ಕೊಡುತ್ತದೆ ಎಂಬುದು ಈ ಕ್ರೀಡೆಯಲ್ಲಿ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಂಡ ಸಂಗತಿ. ಸೆಕೆಯ ದಿನ ರೇಂಜಿನ ಬಾವುಟಗಳು ಜೋತುಬಿದ್ದಿರುತ್ತವೆ. ಭಾರದ ಬಟ್ಟೆಯನ್ನು ಎತ್ತಲಾರದ ಮಂದಗಾಳಿಯೂ ಗುಂಡನ್ನು ಬುಲ್‌ನಿಂದ ಆಚೆ ತಳ್ಳಬಲ್ಲದು. ಆಗ ಗುರಿಕಾರ ಪಕ್ಕದಲ್ಲಿಟ್ಟ ಸ್ಪಾಟಿಂಗ್ ಸ್ಕೋಪ್ ಎಂಬ ದೂರದರ್ಶಕದಲ್ಲಿ ಕಣ್ಣಿಡುತ್ತಾನೆ. ಅದರ ಫೋಕಸನ್ನು ಹಲಗೆಯಿಂದ ಈಚೆಗೆ, ದಾರಿಯ ನಡುವಿಗೆ ತರುತ್ತಾನೆ. ಹಲಗೆ ಮಸುಕಾಗಿ, ಹರಿಯುವ ಬಿಸಿಗಾಳಿ ಸ್ಪಷ್ಟವಾಗುತ್ತದೆ. ಅಲೆಗಳು ನೆಟ್ಟಗೆ ಮೇಲೇಳುತ್ತಿದ್ದರೆ ಅಡ್ಡಗಾಳಿ ಇಲ್ಲ. ಶೂಟರ್‌ಗಳು ಇದನ್ನು ‘ಕುದಿತ’ ಎನ್ನುತ್ತಾರೆ. ಬಲಕ್ಕೆ ವಾಲಿದರೆ ಎಡದಿಂದ ಎಲರು ಬರುತ್ತಿದೆ. ಪೂರ್ತಿ ಅಡ್ಡಡ್ಡ ಹರಿಯತೊಡಗಿದರೆ ಗಾಳಿ ಬಲವಾಗಿದೆ. ಅಲ್ಲಿಂದ ಮುಂದೆ ಬಾವುಟವನ್ನೇ ನಂಬಬೇಕು. ಕುದಿತ ಕಂಡಾಕ್ಷಣ ಹೊಡೆಯುವುದು ಮಾತ್ರ ಅಪಾಯ. ಎಷ್ಟೋ ಸಲ ಗಾಳಿ ದಿಕ್ಕು ಬದಲಿಸುವ ನಡುವಿನ ಗಳಿಗೆ ಅದು. ಸ್ಕೋಪಿನಿಂದ ಕಣ್ಣು ತೆಗೆದು, ಗುರಿ ಹಿಡಿದು, ಕುದುರೆ ಎಳೆಯುವಷ್ಟರಲ್ಲಿ ಗಾಳಿ ಎದುರು ಬದಿಯಿಂದ ಬಂದಿರುತ್ತದೆ.

ಹೊಡೆಯುತ್ತ ಹೋದಂತೆ ನಳಿಗೆಯೂ ತನ್ನದೇ ಬಿಸಿಲ್ಗುದುರೆ ಎಬ್ಬಿಸುತ್ತದೆ, ಅದೂ ದೃಷ್ಟಿರೇಖೆಯ ಕೆಳಗೇ. ಅದಕ್ಕೆ ನಳಿಗೆಯ ಮೇಲೆ ಉದ್ದಕ್ಕೂ ಒಂದು ಪಟ್ಟಿ ಬಿಗಿದು ಬಿಸಿಗಾಳಿಯನ್ನು ಪಕ್ಕಕ್ಕೆ ಸರಿಸುತ್ತಾರೆ. ಸರಳ ಉಪಾಯ, ಚೆನ್ನಾಗಿ ಕೆಲಸ ಮಾಡುತ್ತದೆ.

ಇಷ್ಟರ ನಡುವೆ ಮನುಷ್ಯ ದಪ್ಪ ಕ್ಯಾನ್ವಾಸ್ ಇಲ್ಲವೆ ಚರ್ಮದ ಜಾಕೆಟ್ ತೊಟ್ಟು ಕಾದ ನೆಲದ ಮೇಲೆ ಬೋರಲಾಗಿ ಮಲಗಿರುತ್ತಾನೆ. ದೇಹ ತಣಿಯಲೆಂದು ಚರ್ಮಕ್ಕೆ ಹೆಚ್ಚು ರಕ್ತ ಹರಿಯುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ. ತೋಳಿಗೆ ಬಿಗಿದ ಸ್ಲಿಂಗ್ ಪಟ್ಟಿಯ ಮೂಲಕ ಪ್ರತಿ ಮಿಡಿತವೂ ರೈಫಲ್ಲನ್ನು ಮಿಸುಕಿಸುತ್ತದೆ. ಬೆವರು ಕಣ್ಣಿಗಿಳಿಯುತ್ತದೆ. ಸೆಕೆಯಲ್ಲಿ ಒಳ್ಳೆಯ ಅಂಕ ಗಳಿಸಿದವರ ಬಗ್ಗೆ ನನಗೆ ಹೆಚ್ಚು ಗೌರವ.

ಗಾಳಿ ಕಾಡುವುದು ದೂರದ ಗುರಿಯಲ್ಲಿ ಮಾತ್ರವಲ್ಲ. ನಮ್ಮ ಶೂಟರ್ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತ 10.4 ಮಿಲಿಮೀಟರ್ ಅಗಲದ್ದು. ಅಷ್ಟು ಹತ್ತಿರದಲ್ಲೂ ಹಗುರ ಗುಂಡನ್ನು ಗಾಳಿ ಸರಿಸುತ್ತದೆ.

ಬಿಸಿಲ್ಗುದುರೆಯಲ್ಲಿ ಗಾಳಿಯನ್ನು ಕಣ್ಣಾರೆ ನೋಡಲು ರೈಫಲ್ಲೇ ಬೇಕೆಂದಿಲ್ಲ. ಏಪ್ರಿಲ್ ಮಧ್ಯಾಹ್ನ ರಾಯಚೂರಿನ ಕಡೆಯ ಹೊಲದ ಬದುವಿನಲ್ಲಿ ನಿಂತು, ದೂರದ ಕಂಬವೊಂದಕ್ಕೆ ಬೈನಾಕ್ಯುಲರ್ ಹಿಡಿದು, ಫೋಕಸನ್ನು ಅರ್ಧದಾರಿಗೆ ತನ್ನಿ. ಅಲೆಗಳು ಯಾವ ಕಡೆ ವಾಲುತ್ತಿವೆ ನೋಡಿ, ಆಮೇಲೆ ಚಿಟಿಕೆ ಒಣಮಣ್ಣು ತೂರಿ ತಾಳೆ ನೋಡಿ. ಬೈನಾಕ್ಯುಲರನ್ನು ಸೂರ್ಯನತ್ತ ಮಾತ್ರ ಎಂದಿಗೂ ತಿರುಗಿಸಬೇಡಿ, ಮಕ್ಕಳ ಕೈಗೆ ಕೊಟ್ಟರೆ ಪಕ್ಕದಲ್ಲೇ ಇರಿ.