ಕೈ ಸಹಿ ಮಾಡುವಷ್ಟು ಗಟ್ಟಿಯಿರುವಾಗಲೇ ಆಗಬೇಕಾದ ಕಾಗದಪತ್ರಗಳು



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳಲ್ಲಿ ಒಂದು ಬಗೆಯವು ನನ್ನನ್ನು ಬಹಳ ಕಾಡುತ್ತವೆ. ರೋಗಿಯ ಹೆಸರಿನಲ್ಲಿ ಹಣವಿರುತ್ತದೆ, ಆದರೆ ಅದು ಮನೆಯವರ ಕೈಗೆ ಸಿಗುವುದಿಲ್ಲ. ಮೂವತ್ತು ವರ್ಷ ದುಡಿದು ಕೂಡಿಟ್ಟ ಎಫ್.ಡಿ. ಬ್ಯಾಂಕಿನಲ್ಲಿದೆ; ಯಜಮಾನರು ಪಾರ್ಶ್ವವಾಯುವಾಗಿ ಐ.ಸಿ.ಯು.ನಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾರೆ. ಹೆಂಡತಿ ಬಳೆ ಅಡವಿಟ್ಟು ಔಷಧಿ ತರುತ್ತಿದ್ದಾರೆ. ಇಂಥವರಿಗೂ ಸಂಘ ಸಹಾಯ ಮಾಡುತ್ತದೆ, ಮಾಡಲೇಬೇಕು. ಆದರೆ ದಾನಿಗಳು ಕೊಟ್ಟ ಹಣ ಏನೂ ಇಲ್ಲದವರಿಗೆ ಮೊದಲು ತಲುಪಬೇಕಾದದ್ದು. ಇದ್ದವರ ಹಣ ಒಂದು ಸಹಿಯ ಕೊರತೆಯಿಂದ ಸಿಕ್ಕಿಬಿದ್ದಿದೆ ಎಂದರೆ ಬ್ಯಾಂಕಿನ ಕೌಂಟರಿನ ಆಚೆ ಬದಿಯಲ್ಲಿ ಕುಳಿತು ಬಂದ ನನಗೆ ಸಂಕಟವಾಗುತ್ತದೆ.

"ನಾಮಿನಿ ನಾನೇ ಇದ್ದೇನಲ್ಲ ಸಾರ್" ಎಂದು ಹಲವರು ಹೇಳುತ್ತಾರೆ. ಖಾತೆದಾರರು ಬದುಕಿರುವವರೆಗೆ ನಾಮಿನಿಗೆ ಯಾವ ಅಧಿಕಾರವೂ ಇಲ್ಲ. 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಒಳ್ಳೆಯದೇ, ಆದರೆ ಆಸ್ಪತ್ರೆಯ ಬಿಲ್ಲಿಗೆ ಅದರಿಂದ ಪ್ರಯೋಜನವಿಲ್ಲ.

ಪವರ್ ಆಫ್ ಅಟಾರ್ನಿ ಬಗ್ಗೆ ಇರುವ ನಂಬಿಕೆ ಇದಕ್ಕಿಂತ ಅಪಾಯಕಾರಿ. ನಮ್ಮ ಕರಾರು ಕಾಯಿದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಅಲ್ಲಿಗೆ ಮುಗಿಯುತ್ತದೆ. ಅಂದರೆ ಮರೆವಿನ ಕಾಯಿಲೆ ಬಲಿತಾಗ, ಯಾವಾಗ ಅದು ನಿಜವಾಗಿ ಬೇಕೋ ಆಗಲೇ ಆ ಪತ್ರಕ್ಕೆ ಬೆಲೆ ಇರುವುದಿಲ್ಲ. ಮಗ ಅಮೆರಿಕದಲ್ಲಿದ್ದಾನೆ, ಅಲ್ಲಿ ಹಾಗಲ್ಲವಂತೆ ಎಂದು ಒಬ್ಬರು ವಾದಿಸಿದರು. ಅಲ್ಲಿಯ ಕಾನೂನು ಅಲ್ಲಿಗೆ.

ಹಾಗಾದರೆ ಏನು ಮಾಡಬೇಕು? ಉಳಿತಾಯ ಖಾತೆಯನ್ನು ಗಂಡ-ಹೆಂಡತಿ, ಅಥವಾ ನಂಬಿಕೆಯ ಮಗ, ಮಗಳ ಜೊತೆ ಜಂಟಿ ಮಾಡಿ, "ಐದರ್ ಆರ್ ಸರ್ವೈವರ್" ಎಂದು ಬರೆಸಿ. ಒಬ್ಬರ ಸಹಿಯಿಂದ ಖಾತೆ ನಡೆಯುತ್ತದೆ. ಕೆಲವರು "ಫಾರ್ಮರ್ ಆರ್ ಸರ್ವೈವರ್" ಎಂದು ಬರೆಸಿರುತ್ತಾರೆ. ಅದರಲ್ಲಿ ಮೊದಲ ಹೆಸರಿನವರು ಬದುಕಿರುವಷ್ಟು ಕಾಲ ಎರಡನೆಯವರು ಹಣ ತೆಗೆಯುವಂತಿಲ್ಲ. ನಿಮ್ಮ ಪಾಸ್ ಬುಕ್ಕಿನ ಮೊದಲ ಪುಟ ಇವತ್ತೇ ತೆಗೆದು ನೋಡಿ.

ಎಫ್.ಡಿ.ಯಲ್ಲಿ ಇನ್ನೊಂದು ತೊಡಕಿದೆ. "ಐದರ್ ಆರ್ ಸರ್ವೈವರ್" ಇದ್ದರೂ ಒಬ್ಬರ ಸಹಿ ಸಾಕಾಗುವುದು ಅವಧಿ ಮುಗಿದಾಗ. ಅವಧಿಗೆ ಮೊದಲೇ ಮುರಿಸಬೇಕಾದರೆ ಸಾಮಾನ್ಯವಾಗಿ ಇಬ್ಬರ ಸಹಿಯನ್ನೂ ಕೇಳುತ್ತಾರೆ. ಆದ್ದರಿಂದ ಎಲ್ಲ ಹಣವನ್ನೂ ಐದು ವರ್ಷದ ಒಂದೇ ರಸೀದಿಯಲ್ಲಿ ಕಟ್ಟಿಹಾಕಬೇಡಿ. ಸಣ್ಣ ಸಣ್ಣ ಮೊತ್ತವಾಗಿ, ಬೇರೆ ಬೇರೆ ತಿಂಗಳಿಗೆ ಅವಧಿ ಮುಗಿಯುವಂತೆ ಇಡಿ. ಬಡ್ಡಿಯಲ್ಲಿ ಕಾಲು ಪರ್ಸೆಂಟ್ ಕಡಿಮೆಯಾದರೂ ಪರವಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಈಗಾಗಲೇ ಹಾಸಿಗೆ ಹಿಡಿದವರಿದ್ದರೆ ಕೈಚೆಲ್ಲಬೇಡಿ. ಪ್ರಜ್ಞೆಯಿದ್ದು ಸಹಿ ಮಾತ್ರ ಮಾಡಲಾಗದಿದ್ದರೆ, ಹೆಬ್ಬೆಟ್ಟಿನ ಗುರುತು ಸಾಕು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳಿರಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ. ಹೆಬ್ಬೆಟ್ಟೂ ಆಗದಿದ್ದರೆ ಒಂದು ಗುರುತು ಹಾಕಿದರೂ ನಡೆಯುತ್ತದೆ. ಇದು ರಿಸರ್ವ್ ಬ್ಯಾಂಕಿನ ಹಳೆಯ ಸೂಚನೆ. 70 ದಾಟಿದವರಿಗೆ ಮತ್ತು ಅಶಕ್ತರಿಗೆ ಮನೆ ಬಾಗಿಲಿಗೇ ಸೇವೆ ಕೊಡಲು 2017ರಲ್ಲಿಯೇ ಹೇಳಿದೆ. ಕೌಂಟರಿನ ಹುಡುಗನಿಗೆ ಗೊತ್ತಿರಲಿಕ್ಕಿಲ್ಲ. ಮ್ಯಾನೇಜರ್ ಬಳಿ ಹೋಗಿ, ಲಿಖಿತ ಅರ್ಜಿ ಕೊಡಿ. ಪ್ರಜ್ಞೆಯೇ ಇಲ್ಲದವರ ವಿಷಯದಲ್ಲಿ ಮಾತ್ರ ಹೈಕೋರ್ಟಿಗೆ ಹೋಗಿ ಪಾಲಕರ ನೇಮಕ ಮಾಡಿಸಿಕೊಳ್ಳಬೇಕಾಗುತ್ತದೆ. ಕೇರಳ ಹೈಕೋರ್ಟ್ 2019ರಲ್ಲಿ ಇದಕ್ಕೆ ಕ್ರಮವನ್ನೂ ಹಾಕಿಕೊಟ್ಟಿದೆ. ವಕೀಲರ ಫೀಸು, ಓಡಾಟ ಎಲ್ಲ ಇದ್ದದ್ದೇ.

ಮನೆಯಲ್ಲಿ ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಗುವಿದ್ದರೆ ತಂದೆತಾಯಿ ಇನ್ನೂ ಎಚ್ಚರವಾಗಿರಬೇಕು. ಮಗುವಿಗೆ 18 ತುಂಬಿದ ದಿನ ಕಾನೂನಿನ ಕಣ್ಣಿಗೆ ಅದು ವಯಸ್ಕ. ಅಪ್ಪ-ಅಮ್ಮ ತಾವಾಗಿಯೇ ಪಾಲಕರಾಗಿ ಮುಂದುವರಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪಾಲಕತ್ವದ ಪ್ರಮಾಣಪತ್ರ ಪಡೆಯಬೇಕು. ಆ ಪತ್ರವನ್ನು ಬ್ಯಾಂಕುಗಳು ಮಾನ್ಯ ಮಾಡುತ್ತವೆ, ಕೋರ್ಟಿಗೆ ಅಲೆಯಬೇಕಾಗಿಲ್ಲ. ಇದೇ ಟ್ರಸ್ಟಿನ "ನಿರಾಮಯ" ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ. ಯು.ಡಿ.ಐ.ಡಿ. ಕಾರ್ಡ್ ಇನ್ನೂ ಮಾಡಿಸದವರು ಮೊದಲು ಅದನ್ನು ಮಾಡಿಸಿ.

ಪಿಂಚಣಿದಾರರು ಗಮನಿಸಬೇಕು: ಕೇಂದ್ರ ಸರ್ಕಾರದ ನೌಕರರ ಮಗ ಅಥವಾ ಮಗಳು ಅಂಗವೈಕಲ್ಯದಿಂದ ದುಡಿಯಲಾರದವರಾದರೆ ಅವರಿಗೆ ಜೀವಮಾನವಿಡೀ ಕುಟುಂಬ ಪಿಂಚಣಿಯ ಹಕ್ಕಿದೆ. ಪಿ.ಎಫ್. ಕಚೇರಿಯ 1995ರ ಪಿಂಚಣಿ ಯೋಜನೆಯಲ್ಲಿಯೂ ಸಂಪೂರ್ಣ, ಶಾಶ್ವತ ಅಂಗವೈಕಲ್ಯವಿದ್ದವರಿಗೆ ಇಂಥ ಸೌಲಭ್ಯವಿದೆ. ನೀವು ಇರುವಾಗಲೇ ಮಗುವಿನ ಹೆಸರನ್ನು ದಾಖಲೆಯಲ್ಲಿ ಸೇರಿಸಿ. ನೀವು ಹೋದ ಮೇಲೆ ಆ ಮಗು ಯಾವ ಕಚೇರಿಯ ಮೆಟ್ಟಿಲು ಹತ್ತೀತು?

70 ತುಂಬಿದ ಎಲ್ಲರಿಗೂ, ಬಡವ ಬಲ್ಲಿದ ಎನ್ನದೆ, ಆಯುಷ್ಮಾನ್ ವಯ ವಂದನಾ ಕಾರ್ಡ್ ಸಿಗುತ್ತದೆ. 2024ರ ಅಕ್ಟೋಬರಿನಲ್ಲಿ ಆರಂಭವಾದದ್ದು. ಕುಟುಂಬದ ಹಿರಿಯರಿಗೆಲ್ಲ ಸೇರಿ ವರ್ಷಕ್ಕೆ 5 ಲಕ್ಷ ರೂಪಾಯಿ. ಗಂಡ-ಹೆಂಡತಿ ಇಬ್ಬರೂ 70 ದಾಟಿದ್ದರೆ ಅದು ಇಬ್ಬರಿಗೂ ಸೇರಿದ್ದು. ಆಧಾರ್ ಒಂದೇ ಸಾಕು. ಖಾಸಗಿ ವಿಮೆಯಿದ್ದರೂ ಪಡೆಯಬಹುದು, ಸಿ.ಜಿ.ಎಚ್.ಎಸ್. ಇದ್ದವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ ಇದರ ಲಾಭ. ನಿಮ್ಮ ಮನೆಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದೆಂದು ಈಗಲೇ ತಿಳಿದುಕೊಂಡಿರಿ. ಆಂಬುಲೆನ್ಸಿನಲ್ಲಿ ಕುಳಿತು ಹುಡುಕುವ ವಿಷಯವಲ್ಲ.

ಕೊನೆಯದಾಗಿ ಊರಿನ ಮನೆ, ಇಲ್ಲಿಯ ಫ್ಲ್ಯಾಟು. ಮಕ್ಕಳ ಹೆಸರಿಗೆ ಬರೆದುಕೊಡುವ ಆತುರ ನಮ್ಮವರಿಗೆ ಜಾಸ್ತಿ. ಬರೆಯುವುದಿದ್ದರೆ ದಾನಪತ್ರದಲ್ಲಿ "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಸ್ಪಷ್ಟವಾಗಿ ಹಾಕಿಸಿ. ಆಗ 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಂತೆ, ನೋಡಿಕೊಳ್ಳದಿದ್ದರೆ ದಾನಪತ್ರವನ್ನು ರದ್ದು ಮಾಡಿಸಬಹುದು. ಷರತ್ತೇ ಇಲ್ಲದಿದ್ದರೆ ಈ ಕಲಮು ಹಿಡಿದು ಗೆಲ್ಲುವುದು ಕಷ್ಟ. ನನ್ನನ್ನು ಕೇಳಿದರೆ ದಾನಪತ್ರಕ್ಕಿಂತ ಉಯಿಲೇ ಮೇಲು. ಇಬ್ಬರು ಸಾಕ್ಷಿಗಳ ಸಹಿ ಇದ್ದರಾಯಿತು, ಮನಸ್ಸು ಬದಲಾದರೆ ಬದಲಿಸಲೂಬಹುದು.

ಈ ಬಗೆಯ ಅರ್ಜಿ ತುಂಬಲು ಸಹಾಯ ಬೇಕಾದವರು ಭಾನುವಾರ ಬೆಳಿಗ್ಗೆ ಸಂಘದ ಕಚೇರಿಗೆ ಬನ್ನಿ, ನಾನಿರುತ್ತೇನೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಇನ್ನಿಬ್ಬರು ಸದಸ್ಯರು ನನ್ನ ಜೊತೆ ಕೂರಲು ಒಪ್ಪಿದರೆ ಅನುಕೂಲ. ಪಾಸ್ ಬುಕ್ಕು, ಎಫ್.ಡಿ. ರಸೀದಿ, ಆಧಾರ್, ಪಿಂಚಣಿ ಆದೇಶ ಇವುಗಳ ಜೆರಾಕ್ಸ್ ಎರಡೆರಡು ಪ್ರತಿ ತನ್ನಿ. ಮೂಲಪ್ರತಿಗಳು ಮನೆಯಲ್ಲೇ ಇರಲಿ.